ಶಾಲೆಯ ಗೇಟಿನ ಮುಂದಿನ ವೇಗ: ಪಶ್ಚಿಮ ಬೆಂಗಳೂರಿನಲ್ಲಿ ಹಂಪಿನಿಂದ ಕ್ಯಾಮೆರಾದವರೆಗೆ

ಪಶ್ಚಿಮ ಬೆಂಗಳೂರಿನ ಶಾಲೆಗಳ ಮುಂದೆ ವಾಹನಗಳ ವೇಗ ತಗ್ಗಿಸುವ ಹೊಣೆ ಮೊದಲು ಮನುಷ್ಯರ ಮೇಲಿತ್ತು. ಆಮೇಲೆ ಅದನ್ನು ಹಂಪ್ ಹೊತ್ತಿತು. ಕಳೆದ ಕೆಲವು ವರ್ಷಗಳಿಂದ ಕ್ಯಾಮೆರಾದ ಮಾತು ಕೇಳಿಬರುತ್ತಿದೆ. ಹೊಸದು ಬಂದಾಗ ಹಳೆಯದು ಹೋಗಲಿಲ್ಲ. ಶಾಲೆ ಶುರುವಾಗುವ ಹೊತ್ತಿನಲ್ಲಿ ಗೇಟಿನ ಮುಂದೆ ವಾಚ್‌ಮನ್ ಕೈ ಅಡ್ಡ ಹಿಡಿಯುತ್ತಾನೆ, ಅವನ ಕಾಲ ಬಳಿ ಬಣ್ಣ ಮಾಸಿದ ಹಂಪ್ ಇರುತ್ತದೆ, ದೂರದ ದೊಡ್ಡ ಜಂಕ್ಷನ್ನಿನಲ್ಲಿ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತಿರುತ್ತದೆ. ಆ ಕ್ಯಾಮೆರಾ ಜಂಕ್ಷನ್ ಬಿಟ್ಟು ಶಾಲೆಯ ಹತ್ತಿರ ಬರಬೇಕೇ, ಬಂದರೆ ಯಾವ ಷರತ್ತಿನ ಮೇಲೆ ಎಂಬುದೇ ಚರ್ಚೆ. ಅದು ಅರ್ಥವಾಗಬೇಕಾದರೆ ಇಲ್ಲಿನ ರಸ್ತೆಗಳು ಹೇಗೆ ಹುಟ್ಟಿದವು, ಶಾಲೆಗಳು ಅವುಗಳ ಯಾವ ಬದಿಗೆ ಬಂದವು ಎಂಬುದನ್ನು ಮೊದಲು ನೋಡಬೇಕು.

ಬೆಂಗಳೂರು ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, ಜನರ ಬಾಯಲ್ಲಿ ಸಿಐಟಿಬಿ, 1945ರಲ್ಲಿ ಹುಟ್ಟಿತು. ಅದರ ದೊಡ್ಡ ಕೆಲಸಗಳಲ್ಲಿ ರಾಜಾಜಿನಗರವೂ ಒಂದು. 1949ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರಿಂದ ಶಂಕುಸ್ಥಾಪನೆ ಆಯಿತು, ಅವರ ಹೆಸರೇ ಬಡಾವಣೆಗೆ ನಿಂತಿತು. ಇದು ಮೂಲದಲ್ಲಿ ಕೈಗಾರಿಕಾ ಉಪನಗರ. ಉತ್ತರದ ಅಂಚಿನಲ್ಲಿ ಕಾರ್ಖಾನೆಗಳು, ಅವಕ್ಕೆ ಹೊಂದಿಕೊಂಡು ಕೆಲಸಗಾರರ ಮನೆಗಳು. ಗಂಧದ ಸಾಬೂನಿನ ಕಾರ್ಖಾನೆ ಇಲ್ಲಿಗೆ ಬಂದದ್ದು 1957ರಲ್ಲಿ. ಮೆಟ್ರೊ ನಿಲ್ದಾಣವೊಂದು ಇಂದಿಗೂ ಅದರ ಹೆಸರಿನಲ್ಲೇ ಇದೆ. ಬಡಾವಣೆಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದೊಂದು ಬ್ಲಾಕಿನ ಒಳಗೆ ಮೇನು, ಕ್ರಾಸುಗಳನ್ನು ಬಿಡಿಸಿದರು. ಅಂಗಡಿ, ಗುಡಿ, ಆಟದ ಬಯಲು, ಶಾಲೆ ನಡೆದು ಹೋಗುವಷ್ಟು ದೂರದಲ್ಲಿದ್ದವು. ಪಾಳಿ ಮುಗಿಸಿದವರು ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದ ಕಾಲದಲ್ಲಿ, ಬ್ಲಾಕಿನ ಮಗು ದೊಡ್ಡ ರಸ್ತೆ ದಾಟುವ ಅಗತ್ಯವಿಲ್ಲದೆ ಶಾಲೆ ಸೇರಬಹುದಿತ್ತು. ಈ ಅನುಕೂಲಕ್ಕೆ ಆಗ ಯಾರೂ ಸುರಕ್ಷತೆ ಎಂಬ ಹೆಸರು ಕೊಟ್ಟಿರಲಿಲ್ಲ. ಆದರೆ ಮುಂದೆ ಹಂಪ್, ಕ್ಯಾಮೆರಾ ಹಾಕಿ ಪಡೆಯಲು ಹೊರಟದ್ದು ಇದನ್ನೇ.

ಬಡಾವಣೆಯ ಪಶ್ಚಿಮದ ಎಲ್ಲೆ ಕಾರ್ಡ್ ರಸ್ತೆ. ಕಾರ್ಡ್ ಎಂದರೆ ಶಾಲೆಯ ಜ್ಯಾಮಿತಿಯಲ್ಲಿ ಕಲಿಸುವ ಜ್ಯಾ, ವೃತ್ತದ ಎರಡು ಬಿಂದುಗಳನ್ನು ಜೋಡಿಸುವ ನೇರ ಗೆರೆ. ತುಮಕೂರು ರಸ್ತೆಯಿಂದ ಹೊರಟು ಮಾಗಡಿ ರಸ್ತೆಯನ್ನು ಕತ್ತರಿಸಿ ಮೈಸೂರು ರಸ್ತೆ ಸೇರುವ ಈ ದಾರಿ, ಊರಿನ ನಡುವೆ ಬರಬೇಕಿಲ್ಲದ ಲಾರಿಗಳನ್ನು ಅಂಚಿನಲ್ಲೇ ಸಾಗಿಸುವ ದಾರಿಯಾಗಿತ್ತು. ಆಚೆ ಹೊಲ, ತೋಪು, ಕೆರೆ, ಹಳ್ಳಿ. ಸಿಐಟಿಬಿಯ ಕೊನೆಯ ವರ್ಷಗಳಲ್ಲೂ, 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಲದಲ್ಲೂ ಊರು ಈ ಎಲ್ಲೆ ದಾಟಿತು. ವಿಜಯನಗರ ತುಂಬಿಕೊಂಡಿತು. ಗೃಹಮಂಡಳಿಯ ಕೆಎಚ್‌ಬಿ ಕಾಲೊನಿ, ಸುತ್ತಲಿನ ಬಡಾವಣೆಗಳು ಸೇರಿ ಬಸವೇಶ್ವರನಗರ ಬೆಳೆಯಿತು. 'ವೆಸ್ಟ್ ಆಫ್ ಕಾರ್ಡ್ ರೋಡ್' ಎಂಬುದೇ ಒಂದು ವಿಳಾಸವಾಯಿತು. ಅಂಚಿನಲ್ಲಿದ್ದ ರಸ್ತೆ ಹೀಗೆ ಊರಿನ ನಡುವೆ ಬಂತು. ಮನೆ ಒಂದು ಬದಿ, ಶಾಲೆ ಇನ್ನೊಂದು ಬದಿ ಎನ್ನುವ ಸ್ಥಿತಿ ಶುರುವಾದದ್ದು ಇಲ್ಲಿಂದ.

ಕೆಂಗೇರಿಯ ಕತೆ ಬೇರೆ. ವೃಷಭಾವತಿಯ ದಡದ ಈ ಹಳೆಯ ಊರು ಬೆಂಗಳೂರಿನ ಬಡಾವಣೆಯಾಗಿ ಹುಟ್ಟಿದ್ದಲ್ಲ, ಮೈಸೂರಿಗೆ ಹೋಗುವ ದಾರಿಯ ಊರು. 2007ರಲ್ಲಿ ಏಳು ನಗರಸಭೆಗಳು ಮತ್ತು ಒಂದು ಪುರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಸೇರಿದಾಗ ಆ ಒಂದು ಪುರಸಭೆ ಕೆಂಗೇರಿಯದು. ರಾಜಾಜಿನಗರದಲ್ಲಿ ಊರಿಗಾಗಿ ರಸ್ತೆ ಬಂದರೆ, ಇಲ್ಲಿ ಹೆದ್ದಾರಿಯನ್ನು ಹಿಡಿದು ಊರು ಬೆಳೆಯಿತು. ಮೈಸೂರಿನಿಂದ ಬರುವ ವಾಹನ ಊರು ಬಂತೆಂದು ವೇಗ ತಗ್ಗಿಸಬೇಕಾದ ಮೊದಲ ಜಾಗ ಕೆಂಗೇರಿ. ಹೊರಡುವ ವಾಹನ ಊರು ಮುಗಿಯಿತೆಂದು ವೇಗ ಏರಿಸುವ ಜಾಗವೂ ಅದೇ.

ಕಾರ್ಡ್ ರಸ್ತೆಯ ಸ್ವರೂಪ ಪೂರ್ತಿ ಬದಲಾದದ್ದು ಇತ್ತೀಚಿನ ಎರಡು ದಶಕಗಳಲ್ಲಿ. ಮಾಗಡಿ ರಸ್ತೆ ಟೋಲ್‌ಗೇಟ್ ಬಳಿ ಕೆಳಸೇತುವೆ ಬಂತು. ಮಂಜುನಾಥನಗರ, ಶಿವನಗರಗಳಲ್ಲಿ ಮೇಲ್ಸೇತುವೆಗಳು ಎದ್ದವು. ಗುರಿ 'ಸಿಗ್ನಲ್ ಮುಕ್ತ ಕಾರಿಡಾರ್'. ವಿಜಯನಗರದ ಕಡೆ 2015ರ ನವೆಂಬರಿನಲ್ಲಿ ರಸ್ತೆಯ ತಲೆಯ ಮೇಲೆ ಮೆಟ್ರೊ ಓಡತೊಡಗಿತು. 2021ರ ಆಗಸ್ಟಿನಲ್ಲಿ ಅದೇ ಮಾರ್ಗ ಕೆಂಗೇರಿ ಮುಟ್ಟಿತು. ಸಿಗ್ನಲ್ ಹೋದರೆ ವಾಹನ ಸವಾರನಿಗೆ ಕಾಯುವುದು ತಪ್ಪುತ್ತದೆ, ಇದು ನಿಜವಾದ ಲಾಭ. ಆದರೆ ಅದೇ ಸಿಗ್ನಲ್ಲಿನ ಕೆಂಪು ದೀಪ ನಡೆದು ಹೋಗುವವರಿಗೆ ರಸ್ತೆ ದಾಟುವ ಬಿಡುವು ಕೊಡುತ್ತಿತ್ತು. ಆ ಬಿಡುವಿಗೆ ಬದಲಿ ಏನು ಎಂಬ ಪ್ರಶ್ನೆ ಮೇಲ್ಸೇತುವೆಯ ಚರ್ಚೆಯಲ್ಲಿ ಯಾವಾಗಲೂ ಕೊನೆಗೆ ಬರುತ್ತದೆ. ಪಾದಚಾರಿ ಮೇಲ್ಸೇತುವೆ ಎಂಬ ಉತ್ತರ ಪುಸ್ತಕದ ಚೀಲ ಹೊತ್ತ ಆರು ವರ್ಷದ ಮಗುವಿಗೂ, ಅದನ್ನು ಕರೆತರುವ ಮೊಣಕಾಲು ನೋವಿನ ಅಜ್ಜಿಗೂ ಒಗ್ಗುವುದಿಲ್ಲ. ಸೇತುವೆ ಇಳಿಯುವ ಕಡೆ ವಾಹನದ ವೇಗ ಹೆಚ್ಚಿರುತ್ತದೆ. ಅಲ್ಲಿಯೇ ಬಡಾವಣೆಯ ಮೇನ್ ರಸ್ತೆಗಳು ಬಂದು ಸೇರುತ್ತವೆ.

ಮೊದಲ ಕಾವಲು ಮನುಷ್ಯರದು. ಶಾಲೆ ಬಿಡುವ ಹೊತ್ತಿಗೆ ಬರುವ ಟ್ರಾಫಿಕ್ ಪೇದೆ, ಬಿಳಿ ಸಮವಸ್ತ್ರದ ಸ್ವಯಂಸೇವಕ ವಾರ್ಡನ್, ಶಾಲೆಯ ಆಯಾ, ವಾಚ್‌ಮನ್, ಕೆಲವೊಮ್ಮೆ ದೊಡ್ಡ ತರಗತಿಯ ಹುಡುಗರೇ. ಇವರು ವಾಹನ ನಿಲ್ಲಿಸಬಲ್ಲರು, ವೇಗ ಅಳೆಯಲಾರರು. ಕಾನೂನೂ ಇದನ್ನು ಒಪ್ಪುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಅತಿವೇಗಕ್ಕೆ ಶಿಕ್ಷೆ ಹೇಳುತ್ತದೆ. ಜತೆಗೇ, ಒಬ್ಬ ಸಾಕ್ಷಿಯ ಕಣ್ಣಂದಾಜಿನ ಮೇಲಷ್ಟೇ ಯಾರನ್ನೂ ತಪ್ಪಿತಸ್ಥರೆಂದು ತೀರ್ಮಾನಿಸಬಾರದು, ಆ ಅಂದಾಜಿಗೆ ಯಂತ್ರದ ಆಧಾರ ಬೇಕು ಎಂದೂ ಹೇಳುತ್ತದೆ. 'ಯಂತ್ರ'ದ ಪಕ್ಕಕ್ಕೆ 'ಅಥವಾ ಎಲೆಕ್ಟ್ರಾನಿಕ್' ಎಂಬ ಮಾತು 2019ರ ತಿದ್ದುಪಡಿಯಲ್ಲಿ ಸೇರಿತು. ಅತಿವೇಗ ಬೇರೆ ತಪ್ಪುಗಳ ಹಾಗಲ್ಲ. ಹೆಲ್ಮೆಟ್ ಇಲ್ಲದ್ದು ಕಣ್ಣಿಗೆ ಕಾಣುತ್ತದೆ; ಗಂಟೆಗೆ 25 ಕಿಲೋಮೀಟರಿಗೂ 45ಕ್ಕೂ ಇರುವ ವ್ಯತ್ಯಾಸ ಯಂತ್ರವಿಲ್ಲದೆ ಸಾಬೀತಾಗುವುದಿಲ್ಲ. ಆದ್ದರಿಂದ ಪೇದೆ ಇದ್ದ ಕಾಲದಲ್ಲೂ ಶಾಲೆಯ ಮುಂದಿನ ವೇಗಕ್ಕೆ ದಂಡ ಬೀಳುತ್ತಿದ್ದುದು ಅಪರೂಪ.

ಈ ಕೊರತೆಯನ್ನು ತುಂಬಿದ್ದು ಹಂಪ್. ಪುಸ್ತಕದಲ್ಲಿ ರಸ್ತೆ ಉಬ್ಬು, ಸ್ಪೀಡ್ ಬ್ರೇಕರ್ ಎಂಬ ಹೆಸರುಗಳಿದ್ದರೂ ಬೆಂಗಳೂರಿನ ಮಾತು ಹಂಪ್ ಒಂದೇ. ವಾರ್ಡಿನ ಕಾರ್ಪೊರೇಟರ್ ಎದುರು ಬೀದಿಯ ಜನ ಇಡುತ್ತಿದ್ದ ಬೇಡಿಕೆಗಳಲ್ಲಿ ನೀರು, ಚರಂಡಿ, ಬೀದಿದೀಪದ ಜತೆ 'ಶಾಲೆ ಮುಂದೆ ಹಂಪ್ ಹಾಕಿಸಿ' ಎಂಬುದೂ ಸೇರಿತು. ಹಂಪಿಗೂ ಒಂದು ಲೆಕ್ಕವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅದರ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಬಾಗಿನ ತ್ರಿಜ್ಯ 17 ಮೀಟರ್. ಅಂದರೆ ಅದು ಗುಡ್ಡೆಯಲ್ಲ, ಸಣ್ಣ ಕಾರಿನ ಉದ್ದದಷ್ಟು ಹರಡಿದ ಮೆಲುವಾದ ಏರಿಳಿತ. ಅದನ್ನು ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟಿದರೆ ಕುಲುಕು ಇರಬಾರದು, ಮೀರಿದರೆ ಇರಬೇಕು. ಈ ಮಾರ್ಗಸೂಚಿ 2018ರಲ್ಲಿ ಪರಿಷ್ಕೃತವಾಗಿ, ಹಂಪಿನ ಜತೆ ಎತ್ತರಿಸಿದ ದಾಟುದಾರಿ, ರಸ್ತೆ ಕಿರಿದಾಗಿಸುವುದು ಮುಂತಾದ ವೇಗ ತಗ್ಗಿಸುವ ಇತರ ಉಪಾಯಗಳನ್ನೂ ಒಳಗೊಂಡಿತು.

ಬೀದಿಗಳಲ್ಲಿ ಕಾಣುವ ಹಂಪ್ ಈ ಅಳತೆಗೆ ಸಿಗುವುದು ಕಡಿಮೆ. ಡಾಂಬರು ಹಾಕುವವರು ಉಳಿದ ಜಲ್ಲಿ ಸುರಿದು ಮಾಡಿದ ಚೂಪು ದಿಬ್ಬ, ಬಣ್ಣವಿಲ್ಲದೆ ರಾತ್ರಿ ಕಾಣದ ದಿಬ್ಬ, ಹೊಸ ಡಾಂಬರು ಬಿದ್ದಾಗ ನೆಲಸಮವಾಗಿ ವರ್ಷಗಟ್ಟಲೆ ಮರಳಿ ಬಾರದ ದಿಬ್ಬ, ಎಲ್ಲವೂ ಇವೆ. ಚೂಪು ಹಂಪ್ ಮೇಲೆ ನಿಧಾನವಾಗಿ ಹೋದರೂ ಸ್ಕೂಟರಿನ ಹಿಂದೆ ಕೂತ ಮುದುಕಿಯ ಬೆನ್ನಿಗೆ ಪೆಟ್ಟು. ಆಂಬುಲೆನ್ಸಿನಲ್ಲಿರುವ ರೋಗಿಗೆ ಇನ್ನೂ ಹೆಚ್ಚು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಸುತ್ತಲಿನಂಥ ರಸ್ತೆಗಳಲ್ಲಿ ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಜತೆಗೆ ಹಂಪ್ ಬ್ಲಾಕಿನ ಒಳರಸ್ತೆಗೆ ಸರಿ. ಬಸ್ಸು, ಲಾರಿ ಓಡುವ ಕಾರ್ಡ್ ರಸ್ತೆಗೆ, ಮೈಸೂರು ರಸ್ತೆಗೆ ಅಲ್ಲ. ಅಪಾಯ ಹೆಚ್ಚಿರುವ ಕಡೆಯೇ ಹಂಪ್ ಹಾಕಲು ಬರುವುದಿಲ್ಲ. ಕ್ಯಾಮೆರಾದ ವಾದಕ್ಕೆ ಬಲ ಬರುವುದು ಈ ಜಾಗದಲ್ಲಿ. ಆದರೂ ಹಂಪಿಗಿರುವ ಒಂದು ಗುಣವನ್ನು ಯಾವ ಕ್ಯಾಮೆರಾವೂ ಕೊಡಲಾರದು: ಅದು ವೇಗವನ್ನು ಅಲ್ಲೇ, ಆ ಕ್ಷಣವೇ ತಗ್ಗಿಸುತ್ತದೆ. ದಂಡದ ಸಂದೇಶ ಬರುವುದು ವಾಹನ ಹೋದ ಮೇಲೆ.

ರಸ್ತೆಯನ್ನು ಬಿಟ್ಟು ವಾಹನವನ್ನೇ ಕಟ್ಟಿಹಾಕುವ ಪ್ರಯತ್ನವೂ ನಡೆದಿದೆ. ದೆಹಲಿಯ ಸಂಚಾರ ಕುರಿತ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಶಾಲಾ ಬಸ್ಸುಗಳಿಗೆ 40 ಕಿಲೋಮೀಟರಿನ ವೇಗ ನಿಯಂತ್ರಕ ಇರಬೇಕೆಂದಿತು. ಕರ್ನಾಟಕ 2012ರಲ್ಲಿ ಶಾಲಾ ಮಕ್ಕಳ ವಾಹನಗಳಿಗೇ ಪ್ರತ್ಯೇಕ ನಿಯಮ ತಂದಿತು. 2022ರ ಫೆಬ್ರುವರಿಯ ಕೇಂದ್ರ ನಿಯಮ, ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡ ದ್ವಿಚಕ್ರ ವಾಹನ 40 ಕಿಲೋಮೀಟರ್ ಮೀರಬಾರದು, ಮಗುವಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಪಟ್ಟಿ ಇರಬೇಕು ಎಂದಿತು. ಇವೆಲ್ಲ ಮಕ್ಕಳನ್ನು ಕೂರಿಸಿಕೊಂಡ ವಾಹನದ ಮಾತು. ಶಾಲೆಯ ಸಂಬಂಧವೇ ಇಲ್ಲದೆ ಅದರ ಮುಂದೆ ಹಾದು ಹೋಗುವ ವಾಹನ ಇವುಗಳ ಹೊರಗೆ ಉಳಿಯಿತು.

ಅಂಕಿಗಳನ್ನು ಬದಿಗಿಟ್ಟು ಈ ವಿಷಯ ಮಾತಾಡುವುದು ಸಾಧ್ಯವಿಲ್ಲ. ಗಂಟೆಗೆ 25 ಕಿಲೋಮೀಟರಿನಲ್ಲಿ ಬರುವ ಕಾರು ಸೆಕೆಂಡಿಗೆ ಸುಮಾರು 7 ಮೀಟರ್ ಸಾಗುತ್ತದೆ. ಚಾಲಕ ಮಗುವನ್ನು ಕಂಡು ಬ್ರೇಕ್ ತುಳಿಯಲು ಒಂದು ಸೆಕೆಂಡ್ ಹಿಡಿದರೂ ಒಣ ರಸ್ತೆಯಲ್ಲಿ 10 ಮೀಟರಿಗೆಲ್ಲ ನಿಲ್ಲುತ್ತದೆ. ವೇಗ 50 ಆದರೆ ಅದೇ ಲೆಕ್ಕದಲ್ಲಿ 28 ಮೀಟರ್ ಬೇಕು. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟು. ಇದು ಹೈಸ್ಕೂಲಿನ ಭೌತವಿಜ್ಞಾನ. ಮಕ್ಕಳ ಕಣ್ಣಿನ ಮಿತಿಯೂ ಇದಕ್ಕೆ ಸೇರುತ್ತದೆ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್ ಮೀರಿ ಎದುರಿಗೆ ಬರುವ ವಾಹನ ಹತ್ತಿರವಾಗುತ್ತಿರುವುದು ಸರಿಯಾಗಿ ತಿಳಿಯುವುದಿಲ್ಲ. 'ಎರಡೂ ಕಡೆ ನೋಡಿ ದಾಟು' ಎಂಬ ಪಾಠವನ್ನು ಮಗು ಚಾಚೂ ತಪ್ಪದೆ ಪಾಲಿಸಿದರೂ ಅದರ ಕಣ್ಣೇ ಮೋಸಹೋಗುತ್ತದೆ. ಹೊಣೆಯನ್ನು ಮಗುವಿನ ಮೇಲೆ ಹೊರಿಸುವ ಮಾತು ಇಲ್ಲಿಗೆ ಮುಗಿಯಬೇಕು. ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 9,528 ಮಂದಿ 18 ವರ್ಷದೊಳಗಿನವರು. ಶೇ 71.2 ಸಾವಿಗೆ ಅತಿವೇಗ ಕಾರಣ ಎಂದು ಅದೇ ವರದಿ ಹೇಳುತ್ತದೆ. ಈ ಕೊನೆಯ ಅಂಕಿಯನ್ನು ಎಚ್ಚರದಿಂದ ಓದಬೇಕು. ಠಾಣೆಯಲ್ಲಿ ಬರೆದ ಕಾರಣಗಳಿಂದ ಕೂಡಿಸಿದ ಲೆಕ್ಕ ಅದು, ವೇಗ ಅಳೆದು ಬಂದದ್ದಲ್ಲ.

ವೇಗ ಅಳೆಯುವ ಕ್ಯಾಮೆರಾದ ಹುಟ್ಟು ಶಾಲೆಯ ಮುಂದೆ ಆದದ್ದಲ್ಲ. ನೆದರ್‌ಲ್ಯಾಂಡ್ಸ್‌ನ ರ‍್ಯಾಲಿ ಚಾಲಕ ಮೌರಿಟ್ಸ್ ಗಾಟ್ಸೊನಿಡೆಸ್ 1950ರ ದಶಕದಲ್ಲಿ ಇಂಥ ಸಾಧನ ರೂಪಿಸಿದ್ದು ತಿರುವುಗಳಲ್ಲಿ ತನ್ನದೇ ಕಾರಿನ ವೇಗ ತಿಳಿದು ಇನ್ನಷ್ಟು ಜೋರಾಗಿ ಓಡಿಸಲು. ಪೊಲೀಸರು ಅದನ್ನು ಹಿಡಿದುಕೊಂಡರು. ಬ್ರಿಟನ್ 1991ರ ರಸ್ತೆ ಸಂಚಾರ ಕಾಯ್ದೆಯಲ್ಲಿ ಕ್ಯಾಮೆರಾದ ಚಿತ್ರವನ್ನು ಸಾಕ್ಷಿಯಾಗಿ ಒಪ್ಪಿ, ಮರುವರ್ಷ ಲಂಡನ್ನಿನ ಟ್ವಿಕನ್‌ಹ್ಯಾಮ್ ಸೇತುವೆಯ ಬಳಿ ಮೊದಲ ಕ್ಯಾಮೆರಾ ನಿಲ್ಲಿಸಿತು. ಶಾಲಾ ವಲಯಕ್ಕೆಂದೇ ಕ್ಯಾಮೆರಾ ಮೀಸಲಿಟ್ಟ ದೊಡ್ಡ ಊರು ನ್ಯೂಯಾರ್ಕ್. 2013ರ ರಾಜ್ಯ ಕಾನೂನು 20 ಶಾಲಾ ವಲಯಗಳಿಗೆ ಪರವಾನಗಿ ಕೊಟ್ಟಿತು. ಮರುವರ್ಷ ಅದು 140ಕ್ಕೆ, 2019ರಲ್ಲಿ 750ಕ್ಕೆ ಏರಿತು. ನಡುವೆ 2018ರ ಜುಲೈನಲ್ಲಿ ಕಾನೂನಿನ ಅವಧಿ ತೀರಿ, ಕ್ಯಾಮೆರಾಗಳು ಶಾಲೆ ತೆರೆಯುವ ಮುನ್ನವೇ ನಿಂತುಹೋಗಿದ್ದವು. ಮೊದಲು ಶಾಲೆಯ ಹೊತ್ತಿಗಷ್ಟೇ ಇದ್ದ ಕಣ್ಗಾವಲು 2022ರ ಆಗಸ್ಟ್ 1ರಿಂದ ಹಗಲುರಾತ್ರಿಯಾಯಿತು.

ಬೆಂಗಳೂರಿನಲ್ಲಿ ಕ್ಯಾಮೆರಾ ಬಂದ ದಾರಿ ದಂಡದ ರಸೀದಿ ಪುಸ್ತಕದಿಂದ ಶುರುವಾಗುತ್ತದೆ. 2000ದ ದಶಕದ ಕೊನೆಯಲ್ಲಿ, ಸಂಚಾರ ಸುಧಾರಣೆಯ ಬಿ-ಟ್ರ್ಯಾಕ್ ಯೋಜನೆಯ ಹೊತ್ತಿಗೆ ಸಂಚಾರ ಪೊಲೀಸರ ಕೈಗೆ ಬ್ಲ್ಯಾಕ್‌ಬೆರಿ ಮತ್ತು ಸಣ್ಣ ಪ್ರಿಂಟರ್ ಬಂದವು. ಜಂಕ್ಷನ್‌ಗಳಲ್ಲಿ ಕ್ಯಾಮೆರಾ, ಅವುಗಳನ್ನು ಒಂದೆಡೆ ನೋಡುವ ಕೇಂದ್ರ, ವೇಗ ಅಳೆಯುವ ಯಂತ್ರ ಹೊತ್ತ ಇಂಟರ್‌ಸೆಪ್ಟರ್ ಜೀಪು ಬಂದವು. ರಸ್ತೆಯಲ್ಲಿ ವಾಹನ ತಡೆಯುವ ಪದ್ಧತಿಗೂ ಮಿತಿ ಬಂತು. 2022ರ ಜೂನ್‌ನಲ್ಲಿ ರಾಜ್ಯದ ಪೊಲೀಸ್ ಮಹಾನಿರ್ದೇಶಕರು, ಕಣ್ಣಿಗೆ ಕಾಣುವ ತಪ್ಪಿಲ್ಲದೆ ದಾಖಲೆ ನೋಡಲೆಂದೇ ವಾಹನ ತಡೆಯಬಾರದು ಎಂದು ಸೂಚಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಐಟಿಎಂಎಸ್ ಎಂಬ ಬುದ್ಧಿವಂತ ಸಂಚಾರ ನಿರ್ವಹಣಾ ವ್ಯವಸ್ಥೆಗೆ ಚಾಲನೆ ಕೊಟ್ಟರು. 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಕೆಂಪು ದೀಪ ದಾಟುವುದನ್ನು ಹಿಡಿಯುವ 80 ಕ್ಯಾಮೆರಾ. ಅತಿವೇಗ, ಸಿಗ್ನಲ್ ಜಿಗಿತ, ಹೆಲ್ಮೆಟ್ ಇಲ್ಲದಿರುವುದು, ಮೂವರ ಸವಾರಿ, ಮೊಬೈಲ್ ಬಳಕೆಯನ್ನು ಯಂತ್ರವೇ ಗುರುತಿಸಿ, ನೋಂದಣಿಯಲ್ಲಿರುವ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಅಲ್ಲಿಂದ ಮಾತು ಹೆದ್ದಾರಿಗೆ ಹೋಯಿತು. ಕೆಂಗೇರಿಯ ಬಳಿಯಿಂದ ಹೊರಡುವ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಗಿ, ಸಾವುಗಳು ಸಾಲುಗಟ್ಟಿದವು. ಆಗಸ್ಟ್ 1ರಿಂದ ಬೈಕು, ಆಟೊಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಮರುವರ್ಷ ಅಲ್ಲಿಯೂ ಐಟಿಎಂಎಸ್ ಕ್ಯಾಮೆರಾ ಬಂತು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಕಿಲೋಮೀಟರ್ ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವ ಕ್ರಮ ಜಾರಿಯಾಯಿತು.

ಈ ಸಾಲಿನಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಕ್ಯಾಮೆರಾ ವಾಹನಗಳು ಸೇರುವ ಜಂಕ್ಷನ್ನಿಗೆ ಬಂತು, ವಾಹನಗಳು ಹಾರುವ ಹೆದ್ದಾರಿಗೆ ಬಂತು. ಮಕ್ಕಳು ದಾಟುವ ಜಾಗವನ್ನು ಹುಡುಕಿಕೊಂಡು ಬರಲಿಲ್ಲ. ಇದಕ್ಕೆ ಅಧಿಕಾರಿಗಳ ಅಸಡ್ಡೆಯೊಂದೇ ಕಾರಣವಲ್ಲ, ನಿಯಮದ ಭಾಷೆಯೂ ಹಾಗೆಯೇ ಇದೆ. 2019ರ ತಿದ್ದುಪಡಿ ಕಾಯ್ದೆಗೆ 136ಎ ಸೆಕ್ಷನ್ ಸೇರಿಸಿ ಎಲೆಕ್ಟ್ರಾನಿಕ್ ನಿಗಾವಣೆಗೆ ದಾರಿ ಮಾಡಿತು. 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮ ಸಾಧನಗಳನ್ನು ಎಲ್ಲಿ ಇಡಬೇಕೆಂದು ಹೇಳುವಾಗ ಅಪಾಯ ಮತ್ತು ದಟ್ಟಣೆ ಹೆಚ್ಚಿರುವ ಹೆದ್ದಾರಿಗಳನ್ನು, ದೊಡ್ಡ ನಗರಗಳ ಮುಖ್ಯ ಜಂಕ್ಷನ್‌ಗಳನ್ನು ಹೆಸರಿಸುತ್ತದೆ. ಇದೇ ನಿಯಮದಲ್ಲಿ ಜನರಿಗೆ ರಕ್ಷಣೆ ಕೊಡುವ ಮಾತುಗಳೂ ಇವೆ. ಸಾಧನಕ್ಕೆ ಪ್ರತಿವರ್ಷ ನವೀಕರಿಸಿದ ಪ್ರಮಾಣಪತ್ರ ಬೇಕು, ಕ್ಯಾಮೆರಾ ಇದೆ ಎಂಬ ಫಲಕ ಮೊದಲೇ ಕಾಣಬೇಕು, ತಪ್ಪು ನಡೆದ 15 ದಿನಗಳೊಳಗೆ ನೋಟಿಸ್ ಹೋಗಬೇಕು. 2024ರ ಸೆಪ್ಟೆಂಬರ್ 2ರಂದು ಸುಪ್ರೀಂ ಕೋರ್ಟ್ 136ಎ ಜಾರಿಗೆ ರಾಜ್ಯಗಳು ಕ್ರಮ ತೆಗೆದುಕೊಳ್ಳಬೇಕೆಂದಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ, 2019ರಲ್ಲಿ, ಬೆಂಗಳೂರಿನ ಗುಂಡಿಗಳ ಪ್ರಕರಣದಲ್ಲಿ ಸುಸ್ಥಿತಿಯ ರಸ್ತೆ ಬದುಕುವ ಹಕ್ಕಿನ ಭಾಗ ಎಂದು ತೀರ್ಪಿತ್ತವರು. ಸವಾರನ ತಪ್ಪನ್ನು ಹಿಡಿಯುವ ಕರ್ತವ್ಯ, ರಸ್ತೆಯನ್ನು ಸರಿಯಾಗಿಡುವ ಕರ್ತವ್ಯ ಎರಡೂ ಸರ್ಕಾರದ್ದೇ ಎಂಬ ನೆಲೆ ಈ ಎರಡು ಆದೇಶಗಳನ್ನು ಒಟ್ಟಿಗೆ ಓದಿದಾಗ ಸಿಗುತ್ತದೆ.

ವಿರೋಧದ ಮೊದಲ ಮಾತು ಎಲ್ಲ ಕಡೆಯೂ ದುಡ್ಡಿನದು. ಕೆನಡಾದ ಒಂಟಾರಿಯೊ ಇದನ್ನು ಎರಡು ಸಲ ಕಂಡಿತು. 1994ರಲ್ಲಿ ಹೆದ್ದಾರಿಗೆ ಬಂದ ಫೋಟೊ ರೇಡಾರ್ ಸರ್ಕಾರ ಬದಲಾದ ಕೂಡಲೇ 1995ರಲ್ಲಿ ಹೋಯಿತು. 2017ರ ಕಾನೂನಿನಡಿ ಶಾಲಾ ವಲಯಗಳಿಗೆ ಮರಳಿದ ಕ್ಯಾಮೆರಾಗಳನ್ನು 'ಜನರ ಜೇಬಿಗೆ ಕೈ' ಎಂಬ ಅರ್ಥದ ಆರೋಪದೊಂದಿಗೆ 2025ರ ನವೆಂಬರ್ 14ರಿಂದ ನಿಷೇಧಿಸಲಾಯಿತು. ಆ ನಿಷೇಧಕ್ಕೆ ಕೆಲವೇ ತಿಂಗಳ ಹಿಂದೆ ಟೊರಾಂಟೊದ ಸಿಕ್‌ಕಿಡ್ಸ್ ಮಕ್ಕಳ ಆಸ್ಪತ್ರೆಯ ಅಧ್ಯಯನ, ಕ್ಯಾಮೆರಾ ಇದ್ದ ಶಾಲಾ ವಲಯಗಳಲ್ಲಿ ಮಿತಿ ಮೀರುವ ವಾಹನಗಳ ಪ್ರಮಾಣ ಶೇ 45ರಷ್ಟು ಇಳಿದಿತ್ತು ಎಂದು ತೋರಿಸಿತ್ತು. ಅಂದರೆ ಕ್ಯಾಮೆರಾ ಸೋತದ್ದು ಕೆಲಸ ಮಾಡಲಿಲ್ಲ ಎಂದಲ್ಲ.

ಕರ್ನಾಟಕದಲ್ಲಿ ದಂಡದ ದುಡ್ಡಿನ ಸಮಸ್ಯೆ ತಿರುಗಾಮುರುಗಾ. ಸಂದೇಶ ಬರುತ್ತದೆ, ಜನ ಕಟ್ಟುವುದಿಲ್ಲ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಘೋಷಿಸಿದಾಗ ಬೆಂಗಳೂರಿನಲ್ಲಿ ಹತ್ತು ದಿನದೊಳಗೆ 100 ಕೋಟಿ ರೂಪಾಯಿಗೂ ಹೆಚ್ಚು ಬಂತು, ಠಾಣೆಗಳ ಮುಂದೆ ಸಾಲು ನಿಂತಿತು. ರಿಯಾಯಿತಿ ಮರುಕಳಿಸಿತು, 2025ರ ಆಗಸ್ಟ್‌ನಲ್ಲೂ ಬಂತು. ಬಾಕಿ ತೀರಿಸಲು ಇದು ಸುಲಭದ ದಾರಿ. ಆದರೆ ಶಾಲೆಯ ಮುಂದೆ 60ರಲ್ಲಿ ಓಡಿಸಿದ್ದಕ್ಕೂ ನೋ ಪಾರ್ಕಿಂಗ್‌ಗೂ ಒಂದೇ ಬಗೆಯ ಅರ್ಧಬೆಲೆ ಎಂದಾಗ, ಎರಡೂ ತಪ್ಪುಗಳು ಒಂದೇ ತೂಕದವು ಎಂದು ಸವಾರನಿಗೆ ತಿಳಿಯುತ್ತದೆ. ಶಾಲಾ ವಲಯದ ವೇಗವನ್ನು ಇಂಥ ರಿಯಾಯಿತಿಯಿಂದ ಹೊರಗಿಡುವುದು ನ್ಯಾಯ.

ಪಕ್ಕದ ಕೇರಳದ ಅನುಭವ ಹೆಚ್ಚು ಹತ್ತಿರದ್ದು. ಕಾಸರಗೋಡಿನ ಕನ್ನಡಿಗರೂ ಸೇರಿದಂತೆ ಅಲ್ಲಿನ ಸವಾರರು 2023ರ ಜೂನ್ 5ರಿಂದ 726 ಕ್ಯಾಮೆರಾಗಳ ವ್ಯವಸ್ಥೆಯಡಿ ಬಂದರು. ಅವುಗಳಲ್ಲಿ 675 ಹೆಲ್ಮೆಟ್, ಸೀಟ್‌ಬೆಲ್ಟ್, ಮೊಬೈಲ್ ಮುಂತಾದವನ್ನು ನೋಡುವಂಥವು. ವೇಗಕ್ಕೆಂದು ಇದ್ದವು ಬೆರಳೆಣಿಕೆಯಷ್ಟು. ಗುತ್ತಿಗೆಯ ಬಗ್ಗೆ ವಿರೋಧ ಪಕ್ಷದ ನಾಯಕರು ಹೈಕೋರ್ಟಿಗೆ ಹೋದರು. ಮನೆಮನೆಯ ಚರ್ಚೆ ಮಾತ್ರ ಬೇರೆಯಾಗಿತ್ತು: ಗಂಡ, ಹೆಂಡತಿ, ನಡುವೆ ಶಾಲೆಗೆ ಹೋಗುವ ಮಗು ಇರುವ ಸ್ಕೂಟರಿಗೆ ಮೂವರ ಸವಾರಿಯ ದಂಡ ಹಾಕಬೇಕೇ? ರಾಜ್ಯ ಸರ್ಕಾರ 12 ವರ್ಷದೊಳಗಿನ ಮಗುವಿಗೆ ದಂಡವಿಲ್ಲ ಎಂದಿತು, ಕೇಂದ್ರ ಒಪ್ಪಲಿಲ್ಲ. ಬಸವೇಶ್ವರನಗರದ ಬೆಳಗಿನ ಬೀದಿಯಲ್ಲಿ ಕಾಣುವುದೂ ಇದೇ ಸ್ಕೂಟರು. ಸುರಕ್ಷತೆಯ ಯಂತ್ರ ಮೊದಲು ಹಿಡಿಯುವುದು ಮಗುವನ್ನು ಶಾಲೆಗೆ ಬಿಡುವ ಬಡ ಸಂಸಾರವನ್ನಾದರೆ ಜನರ ಒಪ್ಪಿಗೆ ಸಿಗುವುದು ಕಷ್ಟ. ಶಾಲೆಯ ಮುಂದಿನ ಕ್ಯಾಮೆರಾ ವೇಗವನ್ನಷ್ಟೇ ನೋಡಲಿ ಎಂಬ ವಾದದ ಹಿಂದೆ ಈ ಅನುಭವವಿದೆ.

ಖಾಸಗಿತನದ ಪ್ರಶ್ನೆಯನ್ನು ಬೆಂಗಳೂರು ಹಗುರವಾಗಿ ಕಾಣುವಂತಿಲ್ಲ. 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಿತಿ ಮೀರಿದ ವಾಹನದ ಚಿತ್ರ ಮಾತ್ರ ಉಳಿಸಿ, ಉಳಿದ ನಂಬರ್‌ಗಳನ್ನು ಅಳಿಸುವ ಕ್ಯಾಮೆರಾಗೂ, ಶಾಲೆಗೆ ಬರುವ ಹೋಗುವ ಎಲ್ಲರನ್ನೂ ದಾಖಲಿಸುವ ಕ್ಯಾಮೆರಾಗೂ ದೊಡ್ಡ ಅಂತರವಿದೆ. ಇನ್ನೊಂದು ತೊಡಕು ಯಂತ್ರದ ಓದು. ಕೇಂದ್ರ ನಿಯಮದ ಪ್ರಕಾರ ಪ್ಲೇಟಿನಲ್ಲಿ ಇಂಗ್ಲಿಷ್ ಅಕ್ಷರ, ಅರೇಬಿಕ್ ಅಂಕಿ ಇರಬೇಕು. ಕನ್ನಡ ಅಂಕಿಯ ಮೇಲಿನ ಪ್ರೀತಿಯಿಂದ ಅದನ್ನಷ್ಟೇ ಬರೆಸಿದ ಪ್ಲೇಟು ಇಂಥ ಯಂತ್ರದ ಲೆಕ್ಕಕ್ಕೆ ಸಿಗದು. 2019ರ ಏಪ್ರಿಲ್‌ಗಿಂತ ಹಳೆಯ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ ಕಡ್ಡಾಯ ಎಂದು ರಾಜ್ಯ 2023ರ ಆಗಸ್ಟ್‌ನಲ್ಲಿ ಹೇಳಿತಾದರೂ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಓಡಿಸಿದವರು ಯಾರೆಂಬುದು ಯಂತ್ರಕ್ಕೆ ತಿಳಿಯದು. ನೋಟಿಸ್ ಮಾಲೀಕನಿಗೆ ಹೋಗುತ್ತದೆ, ಚಾಲಕನ ವಿವರ ಕೊಡುವ ಹೊಣೆ 133ನೇ ಸೆಕ್ಷನ್ ಪ್ರಕಾರ ಅವನದೇ.

'ಶಾಲೆಯ ಹೊತ್ತಿಗೆ ವಾಹನ ಓಡುವುದೇ ಇಲ್ಲ, ತೆವಳುತ್ತದೆ, ಕ್ಯಾಮೆರಾ ಯಾಕೆ?' ಎಂಬುದು ಈ ಊರಿನದೇ ಆದ ಆಕ್ಷೇಪ. ಬೆಳಗಿನ ಮಟ್ಟಿಗೆ ನಿಜ. ಶಾಲೆಯ ವೇಳೆಯನ್ನೇ ಬದಲಿಸಿ ದಟ್ಟಣೆ ತಗ್ಗಿಸಬಹುದೇ ಎಂದು ಹೈಕೋರ್ಟಿನ ಸಲಹೆಯ ಮೇರೆಗೆ 2023ರ ಅಕ್ಟೋಬರಿನಲ್ಲಿ ಚರ್ಚೆಯೂ ನಡೆದು, ಖಾಸಗಿ ಶಾಲೆಗಳ ವಿರೋಧ ಎದುರಿಸಿತ್ತು. ಆದರೆ ಶಿಶುವಿಹಾರ ಬಿಡುವುದು ಮಧ್ಯಾಹ್ನ, ರಸ್ತೆ ಬಿಡುವಾದಾಗ. ವಿಶೇಷ ತರಗತಿಗೆ ಮಕ್ಕಳು ಬರುವುದು ನಸುಕಿನಲ್ಲಿ. ಹೊರವರ್ತುಲ ರಸ್ತೆಯಿಂದ ನಾಗರಬಾವಿ ಕಡೆಗೆ, ಕೆಂಗೇರಿ ಉಪನಗರದ ಕಡೆಗೆ ವಾಹನ ತಿರುಗುವ ವೇಗವೂ ಆಗ ಬೇರೆ. ಕಲಿಯುವ ಜಾಗದ ನಡುವೆ ಹೊರಗಿನ ಸಂಚಾರ ಹಾದರೆ ಏನಾಗುತ್ತದೆ ಎಂಬುದಕ್ಕೆ ಇದೇ ಭಾಗದ ಜ್ಞಾನಭಾರತಿ ಆವರಣ ಸಾಕ್ಷಿ. 1973ರಿಂದ ಅಲ್ಲಿರುವ ಬೆಂಗಳೂರು ವಿಶ್ವವಿದ್ಯಾಲಯದ ಒಳರಸ್ತೆ, ಮೈಸೂರು ರಸ್ತೆಯನ್ನೂ ನಾಗರಬಾವಿಯನ್ನೂ ಜೋಡಿಸುವ ಅಡ್ಡದಾರಿಯಾಗಿತ್ತು. 2022ರ ಅಕ್ಟೋಬರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ನಗರ ಸಾರಿಗೆ ಬಸ್ಸಿನಡಿ ಸಿಕ್ಕು, ಮುಂದೆ ತೀರಿಕೊಂಡರು. ರಸ್ತೆಗಿಳಿದ ವಿದ್ಯಾರ್ಥಿಗಳು ಮುಂದಿಟ್ಟ ದೊಡ್ಡ ಬೇಡಿಕೆ ದಂಡವಲ್ಲ. ಹೊರಗಿನ ವಾಹನಗಳೇ ಆವರಣಕ್ಕೆ ಬರಬಾರದು ಎಂಬುದು.

ಶಾಲೆಯ ಮುಂದೆ ಕ್ಯಾಮೆರಾ ನಿಲ್ಲಿಸುವ ಮುನ್ನ ಕಾನೂನಿನಲ್ಲಿ ಆಗಬೇಕಾದ ಕೆಲಸವೊಂದಿದೆ. 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆ ಪಾಲಿಕೆ ಮಿತಿಯ ರಸ್ತೆಗಳಲ್ಲಿ ಕಾರಿಗೆ 70, ಬೈಕಿಗೆ 60, ಆಟೊಗೆ 50 ಕಿಲೋಮೀಟರ್ ಗರಿಷ್ಠ ಎಂದಿಟ್ಟಿತು. ಅದಕ್ಕಿಂತ ಕಡಿಮೆ ಮಿತಿ ಬೇಕಾದ ಕಡೆ ರಾಜ್ಯ ಅಥವಾ ಅದು ಅಧಿಕಾರ ಕೊಟ್ಟವರು 112ನೇ ಸೆಕ್ಷನ್ನಿನಡಿ ಅಧಿಸೂಚನೆ ಹೊರಡಿಸಿ, 116ನೇ ಸೆಕ್ಷನ್ನಿನಂತೆ ಫಲಕ ನೆಡಬೇಕು. ಇವೆರಡೂ ಇಲ್ಲದೆ ನಿಲ್ಲಿಸಿದ ಕ್ಯಾಮೆರಾ, ಮಕ್ಕಳು ದಾಟುವ ಜಾಗದಲ್ಲೂ ಸಾಮಾನ್ಯ ರಸ್ತೆಯ ಮಿತಿಯನ್ನೇ ಅಳೆಯುತ್ತದೆ. 55ರಲ್ಲಿ ಹಾದುಹೋದ ಕಾರಿಗೆ ಅದು ಹೇಳುವುದು ಏನೂ ಇರುವುದಿಲ್ಲ. ಪ್ರಯೋಗ ಮಾಡಿ ನೋಡಲು ಇದೇ 112ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ: ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದ ಪ್ರಕಟಣೆ ಬೇಕಿಲ್ಲ, ಫಲಕ ಇದ್ದರೆ ಸಾಕು. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲ ತಿಂಗಳು ಕಾರ್ಡ್ ರಸ್ತೆಯ ಒಂದು ದಾಟುದಾರಿಯಲ್ಲಿ, ಮೈಸೂರು ರಸ್ತೆಯ ಇನ್ನೊಂದರಲ್ಲಿ 25ರ ಫಲಕ ನೆಟ್ಟು, ದಂಡ ಹಾಕದೆ ವೇಗ ಅಳೆಯಲು ಈಗಿರುವ ಕಾನೂನೇ ಸಾಕಾಗುತ್ತದೆ.